ಜಾಡಿ ನೋಡಿ ತಪ್ಪು ಹುಡುಕುವುದು: ಮನೆಯ ಕ್ಯಾನಿಂಗ್, ಉಪ್ಪಿನಕಾಯಿ, ಜಾಮ್ ಕೈಕೊಟ್ಟಾಗ

ಕ್ಯಾನಿಂಗ್ ಅಂದರೆ ಆಹಾರವನ್ನು ಗಾಜಿನ ಜಾಡಿಗೆ ತುಂಬಿ, ಬಿಸಿ ಮಾಡಿ, ಗಾಳಿಯಾಡದಂತೆ ಸೀಲ್ ಮಾಡಿಡುವುದು. ಅದರಲ್ಲಿ ಕಣ್ಣಿಗೆ ಬೀಳುವ ದೋಷಗಳಲ್ಲಿ ಹೆಚ್ಚಿನವು ಅಪಾಯದವಲ್ಲ. ಬೆಳ್ಳುಳ್ಳಿ ನೀಲಿಯಾಯಿತು, ಸೌತೆಕಾಯಿ ಮೆತ್ತಗಾಯಿತು, ಜಾಮ್ ಗಟ್ಟಿಯಾಗಲಿಲ್ಲ. ಬೇಸರ ಆಗುತ್ತದೆ, ಅಷ್ಟೆ. ಪ್ರಾಣಕ್ಕೆ ಕುತ್ತು ತರುವ ದೋಷಕ್ಕೆ ಎಷ್ಟೋ ಸಲ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಜಾಡಿಗಿಂತ ಮೊದಲೇ ರೆಸಿಪಿಯಲ್ಲಿ ಸೇರಿಕೊಂಡಿರುತ್ತದೆ. ಹಾಗಾಗಿ ಜಾಡಿ ಪರೀಕ್ಷೆ ಮಾಡಲು ಕೂರುವಾಗ, ಯಾವ ಅಡುಗೆ ಪುಸ್ತಕ ನೋಡಿ ಮಾಡಿದಿರೋ ಅದನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಅನುಮಾನ ಬಂದ ಜಾಡಿಯಿಂದ ಸುಮ್ನೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಬೇಡ. ರುಚಿ ನೋಡಿ ಸುರಕ್ಷತೆ ತಿಳಿಯುವುದಿಲ್ಲ.

ಮೊದಲು: ಜಾಡಿಯಲ್ಲಿರುವುದು ಯಾವ ಬಗೆಯದು?

ಒಂದೇ ಲಕ್ಷಣಕ್ಕೆ ಬೇರೆ ಬೇರೆ ಜಾಡಿಯಲ್ಲಿ ಬೇರೆ ಬೇರೆ ಅರ್ಥ. ಉಪ್ಪುನೀರಲ್ಲಿ ಹುಳಿ ಬರಿಸುವ ತರಕಾರಿಯಲ್ಲಿ ಗುಳ್ಳೆ ಎದ್ದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂತ. ಸೀಲ್ ಮಾಡಿ ಕಪಾಟಿನಲ್ಲಿಟ್ಟ ಬೀನ್ಸ್ ಜಾಡಿಯಲ್ಲಿ ಗುಳ್ಳೆ ಎದ್ದರೆ ಅದನ್ನು ತೆರೆಯಲೂ ಬಾರದು.

ಆದ್ದರಿಂದ ಮೊದಲು ಇದನ್ನು ಗುರುತಿಸಿ. ವಿನೆಗರ್ ಹಾಕಿದ ಉಪ್ಪಿನಕಾಯಿಯೇ? ಬರೀ ಉಪ್ಪಿನಲ್ಲಿ ತಾನಾಗಿ ಹುಳಿ ಬಂದದ್ದೇ? ಜಾಮ್ ಅಥವಾ ಹಣ್ಣಿನಂಥ ಹುಳಿ ಪದಾರ್ಥವನ್ನು ಕುದಿನೀರಲ್ಲಿ ಮುಳುಗಿಸಿ ಸೀಲ್ ಮಾಡಿದ್ದೇ? ಇಲ್ಲಾ ಹುಳಿಯೇ ಇಲ್ಲದ ತರಕಾರಿ, ಕಾಳು, ಮಾಂಸವನ್ನು ಒತ್ತಡದಲ್ಲಿ ಬೇಯಿಸಿ ಸೀಲ್ ಮಾಡಿದ್ದೇ? ಕೊನೆಯ ಬಗೆಯದಾದರೆ ಯಾವ ಸಣ್ಣ ಅನುಮಾನವನ್ನೂ ದೊಡ್ಡದಾಗಿಯೇ ತೆಗೆದುಕೊಳ್ಳಿ.

ಮುಚ್ಚಳ ಒತ್ತಿದರೆ ಟಿಕ್ ಅನ್ನುತ್ತದೆ

ಸೀಲ್ ಆಗಿಲ್ಲ ಎಂದರ್ಥ. ಜಾಡಿ ಪೂರ್ತಿ ಆರಿದ ಮೇಲೆ, ಅಂದರೆ 12ರಿಂದ 24 ಗಂಟೆ ಬಿಟ್ಟು ನೋಡಬೇಕು. ಬಿಸಿ ಇರುವಾಗ ಒತ್ತಿ ನೋಡಿದರೆ ನೀವೇ ಸುಳ್ಳು ಸೀಲ್ ಮಾಡಿದಂತಾಗುತ್ತದೆ. ಸೀಲ್ ಆದ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಿರುತ್ತದೆ, ಒತ್ತಿದರೆ ಅಲ್ಲಾಡುವುದಿಲ್ಲ. ಚಪ್ಪಟೆ ಮುಚ್ಚಳವನ್ನು ಹಿಡಿದಿಡುವ ಸ್ಕ್ರೂ ರಿಂಗ್ ತೆಗೆದು ಮುಚ್ಚಳದ ಅಂಚು ಹಿಡಿದು ಮೆಲ್ಲಗೆ ಎತ್ತಿ ನೋಡಿ. ಜಾಡಿ ಸಮೇತ ಬರಬೇಕು.

ಕಾರಣ ಹುಡುಕುವಾಗ ಮೊದಲು ಜಾಡಿಯ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ. ಸಣ್ಣ ಚೂರು ಹಾರಿದ್ದರೂ ಆ ಜಾಡಿ ಕ್ಯಾನಿಂಗ್‌ಗೆ ಮತ್ತೆ ಬರುವುದಿಲ್ಲ. ಅಂಚು ಸರಿಯಿದ್ದರೆ ಅಲ್ಲಿ ಜಾಮ್ ಅಂಟಿತ್ತೇ, ಸಣ್ಣ ಬೀಜ ಸಿಕ್ಕಿಕೊಂಡಿತ್ತೇ ನೋಡಿ. ಆಮೇಲೆ ಮುಚ್ಚಳ. ರಬ್ಬರಿನಂಥ ಅಂಟು ಪಟ್ಟಿ ಇರುವ ಚಪ್ಪಟೆ ಮುಚ್ಚಳ ಒಂದೇ ಸಲದ ಬಳಕೆಗೆ. ಹಳೆಯದನ್ನು ತೊಳೆದು ಮತ್ತೆ ಹಾಕಿದ್ದರೆ ಕಾರಣ ಸಿಕ್ಕಿತು. ಸ್ಕ್ರೂ ರಿಂಗ್ ಮಾತ್ರ ತುಕ್ಕು ಹಿಡಿಯುವವರೆಗೆ ಬಾಳುತ್ತದೆ.

ರಿಂಗ್ ಅನ್ನು ಬಲ ಹಾಕಿ ಬಿಗಿದರೂ ಸೀಲ್ ಆಗುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕುದಿಯುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು. ಅದಕ್ಕೆ ದಾರಿ ಇಲ್ಲದಿದ್ದರೆ ಮುಚ್ಚಳವೇ ಸೊಟ್ಟಗಾಗುತ್ತದೆ. ಬೆರಳ ತುದಿಯಿಂದ ತಿರುಗಿಸಿ ನಿಂತಲ್ಲಿಗೆ ಬಿಡಿ, ಸಾಕು.

24 ಗಂಟೆಯೊಳಗೆ ಗೊತ್ತಾದರೆ ಹೊಸ ಮುಚ್ಚಳ ಹಾಕಿ, ಪುಸ್ತಕದಲ್ಲಿ ಹೇಳಿದ ಪೂರ್ತಿ ಸಮಯ ಮತ್ತೆ ಕುದಿಸಬಹುದು. ಒಂದೋ ಎರಡೋ ಜಾಡಿ ಮಾತ್ರ ಆದರೆ ಅಷ್ಟು ಗ್ಯಾಸ್ ಯಾಕೆ? ಫ್ರಿಜ್‌ನಲ್ಲಿಟ್ಟು ಬೇಗ ತಿಂದು ಮುಗಿಸಿ. ಕಪಾಟಿನಲ್ಲಿಟ್ಟು ವಾರಗಳಾದ ಮೇಲೆ ಸೀಲ್ ಬಿಟ್ಟಿರುವುದು ಕಂಡರೆ ಎಸೆಯಬೇಕು.

ಜಾಡಿಯೊಳಗಿನ ರಸ ಕಡಿಮೆಯಾಗಿದೆ

ಜಾಡಿಯನ್ನು ಅವಸರದಲ್ಲಿ ಹೊರಗೆ ತೆಗೆದಾಗ ರಸ ಮುಚ್ಚಳದ ಸಂದಿಯಿಂದ ಹೊರಗೆ ನುಗ್ಗುತ್ತದೆ. ಉರಿ ಆರಿಸಿ, ಪಾತ್ರೆಯ ಮುಚ್ಚಳ ತೆಗೆದು, 5 ನಿಮಿಷ ಬಿಟ್ಟು ಎತ್ತಿ. ಪ್ರೆಶರ್ ಕ್ಯಾನರ್ (ಜಾಡಿಗಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆ) ಆದರೆ ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ, ಆಮೇಲೂ 10 ನಿಮಿಷ ಬಿಡಿ. ಮೇಲೆ ನೀರು ಸುರಿದು ಆರಿಸುವ ಆಟ ಬೇಡವೇ ಬೇಡ. ಜಾಡಿ ತೀರಾ ತುಂಬಿದ್ದರೂ ಹೀಗೇ ಆಗುತ್ತದೆ. ಸಾಮಾನ್ಯವಾಗಿ ಜಾಮ್‌ಗೆ ಸುಮಾರು 6 ಮಿಲಿಮೀಟರ್, ಹಣ್ಣು ಮತ್ತು ಉಪ್ಪಿನಕಾಯಿಗೆ 12, ಒತ್ತಡದಲ್ಲಿ ಮಾಡುವುದಕ್ಕೆ 25 ಮಿಲಿಮೀಟರ್ ಜಾಗ ಮೇಲೆ ಖಾಲಿ ಇರಬೇಕು.

ಸೀಲ್ ಗಟ್ಟಿಯಾಗಿದ್ದರೆ ರಸ ಸ್ವಲ್ಪ ತಗ್ಗಿದ್ದು ತೊಂದರೆಯಲ್ಲ. ಮೇಲಿನ ತುಂಡುಗಳ ಬಣ್ಣ ಕಂದಬಹುದು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಫ್ರಿಜ್‌ಗೆ ಸೇರಿಸಿ, ಮೊದಲು ಅದನ್ನೇ ಖಾಲಿ ಮಾಡಿ. ತೆರೆದು ರಸ ತುಂಬಿಸಲು ಹೋಗಬೇಡಿ.

ಜಾಡಿಯೇ ಒಡೆಯಿತು

ತಳ ಮಾತ್ರ ಉಂಗುರದಂತೆ ಕಳಚಿ ಬಂದಿದ್ದರೆ ಬಿಸಿ ಮತ್ತು ತಣ್ಣಗಿನ ವ್ಯತ್ಯಾಸ ತಾಳದೆ ಒಡೆದದ್ದು. ತಣ್ಣಗಿನ ಜಾಡಿಗೆ ಕುದಿಯುವ ರಸ ಹಾಕಿರುತ್ತೀರಿ, ಅಥವಾ ಪಾತ್ರೆಯ ತಳಕ್ಕೆ ತಟ್ಟೆ, ಜಾಲರಿ ಏನೂ ಹಾಕದೆ ಜಾಡಿಯನ್ನು ನೇರವಾಗಿ ಇಟ್ಟಿರುತ್ತೀರಿ. ಅಂಗಡಿಯಿಂದ ಸಾಸ್ ತುಂಬಿ ಬಂದ ಜಾಡಿಗಳ ಗಾಜು ತೆಳು, ಅವು ಹೀಗೆ ಬೇಗ ಒಡೆಯುತ್ತವೆ. ಒಡೆದ ಜಾಡಿಯಲ್ಲಿದ್ದುದನ್ನು ಸೋಸಿ ಉಳಿಸಿಕೊಳ್ಳುವ ಆಸೆ ಬಿಡಿ. ಗಾಜಿನ ಸಣ್ಣ ಚೂರು ಕಣ್ಣಿಗೆ ಕಾಣುವುದಿಲ್ಲ.

ರಸ ಮಬ್ಬಾಗಿದೆ, ತಳದಲ್ಲಿ ಬಿಳಿ ಪುಡಿ ಕೂತಿದೆ

ಉಪ್ಪುನೀರಲ್ಲಿ ಹುಳಿ ಬರಿಸಿದ್ದಾದರೆ ಇದು ಒಳ್ಳೆಯ ಸುದ್ದಿ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆದು ರಸ ಮಬ್ಬಾಗುತ್ತದೆ, ಆಮೇಲೆ ಅವೇ ತಳಕ್ಕೆ ಇಳಿಯುತ್ತವೆ.

ವಿನೆಗರ್ ಉಪ್ಪಿನಕಾಯಿ ಆದರೆ ಮೊದಲು ಉಪ್ಪಿನ ಪೊಟ್ಟಣ ಓದಿ. ಪುಡಿ ಉಪ್ಪು ಗಂಟು ಕಟ್ಟದಿರಲಿ ಅಂತ ಸೇರಿಸುವ ವಸ್ತು ಕರಗದೆ ರಸವನ್ನು ಮಬ್ಬಾಗಿಸುತ್ತದೆ. ಗಡಸು ನೀರೂ ಅದೇ ಕೆಲಸ ಮಾಡುತ್ತದೆ. ಎರಡೂ ನಿರಪಾಯ. ಆದರೆ ವಾರಗಟ್ಟಲೆ ತಿಳಿಯಾಗಿದ್ದ ರಸ ಈಗ ಇದ್ದಕ್ಕಿದ್ದಂತೆ ಮಬ್ಬಾಗಿದ್ದರೆ, ಜೊತೆಗೆ ಕಾಯಿ ಲೋಳೆಯಾಗಿದ್ದರೆ ಅಥವಾ ಸೀಲ್ ಬಿಟ್ಟಿದ್ದರೆ, ಅದು ಕೆಟ್ಟಿದೆ.

ಮೇಲೆ ಬಿಳಿ ಪದರ ಕಟ್ಟಿದೆ

ಚಪ್ಪಟೆಯಾಗಿ, ಸುಕ್ಕು ಸುಕ್ಕಾಗಿ, ಹಾಲಿನ ಕೆನೆಯಂತಿದ್ದರೆ ಅದು ಯೀಸ್ಟ್. ಹುಳಿ ಬರಿಸುವ ಜಾಡಿಯಲ್ಲಿ ಸಾಮಾನ್ಯ. ದಿನಾ ತೆಗೆದುಹಾಕಿ. ಬಿಟ್ಟರೆ ಅದು ಹುಳಿಯನ್ನು ತಿಂದು ಕಾಯಿಯನ್ನು ಮೆತ್ತಗಾಗಿಸುತ್ತದೆ. ತರಕಾರಿ ಪೂರ್ತಿ ರಸದ ಕೆಳಗೆ ಮುಳುಗಿರುವಂತೆ ಭಾರ ಇಟ್ಟರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ.

ರೋಮ ರೋಮವಾಗಿ ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣ ಕಂಡರೆ ಅದು ಬೂಷ್ಟು. ಮೇಲಿನದನ್ನು ತೆಗೆದು ಉಳಿದದ್ದು ತಿನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಬೂಷ್ಟು ಹುಳಿಯನ್ನು ಕಡಿಮೆ ಮಾಡುತ್ತದೆ, ಹುಳಿ ಇಳಿದ ಜಾಗದಲ್ಲಿ ಬೇರೆಯವು ಬೆಳೆಯುತ್ತವೆ. ಜಾಮ್ ಮೇಲಿನ ಬೂಷ್ಟಿಗೂ ಇದೇ ಮಾತು. ಅದರ ವಿಷ ಕೆಳಗಿನ ಪದರಕ್ಕೂ ಇಳಿದಿರಬಹುದು.

ಕಾಯಿ ಗರಿಗರಿಯಾಗಿಲ್ಲ

ದೂರು ಬರುವುದೇ ಹೆಚ್ಚಾಗಿ ಇದರ ಬಗ್ಗೆ, ಅಲ್ವಾ? ಖರ್ಚಿಲ್ಲದ ತಪಾಸಣೆ ಮೊದಲು. ಸೌತೆಕಾಯಿಗೆ ಎರಡು ತುದಿ. ತೊಟ್ಟಿನ ಕಡೆಯದು ಒಂದು, ಹೂವು ಇದ್ದ ಕಡೆಯದು ಇನ್ನೊಂದು. ಹೂವಿನ ತುದಿಯಲ್ಲಿ ಕಾಯಿಯನ್ನು ಮೆತ್ತಗಾಗಿಸುವ ಕಿಣ್ವಗಳಿರುತ್ತವೆ. ಅಲ್ಲಿಂದ 2 ಮಿಲಿಮೀಟರಿನಷ್ಟು ಕತ್ತರಿಸಿ ಎಸೆಯಿರಿ. ಎಷ್ಟೋ ಜಾಡಿಗಳ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ.

ಅದಾದ ಮೇಲೆ ಕಾಯಿ ಎಷ್ಟು ಹಳೆಯದು ಕೇಳಿಕೊಳ್ಳಿ. ಕಿತ್ತ 24 ಗಂಟೆಯೊಳಗೆ ಜಾಡಿ ಸೇರಬೇಕು. ತಡವಾದರೆ ಒಳಗೆ ಟೊಳ್ಳಾಗುತ್ತದೆ. ತೊಳೆಯುವಾಗ ನೀರಲ್ಲಿ ತೇಲುವ ಕಾಯಿ ಟೊಳ್ಳು. ಅದನ್ನು ಬೇರೆ ಅಡುಗೆಗೆ ಬಳಸಿ.

ಮೂರನೆಯದು ಉಪ್ಪು ಮತ್ತು ಸೆಕೆ. ಹುಳಿ ಬರಿಸುವ ಎಲೆಕೋಸಿಗೆ ತೂಕದ ಶೇ. 2ರಿಂದ 2.5ರಷ್ಟು ಉಪ್ಪು ಬೇಕು. ಸೌತೆಕಾಯಿಯ ಉಪ್ಪುನೀರು ಇನ್ನೂ ಗಟ್ಟಿ ಇರಬೇಕು. 21ರಿಂದ 24 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, 27 ದಾಟಿದರೆ ಮೆತ್ತಗಾಗುವ ಸಂಭವ ಜಾಸ್ತಿ. ಇಲ್ಲಿ ಉಪ್ಪು ಬರೀ ರುಚಿಗಲ್ಲ. ಬೇಡದ ಬ್ಯಾಕ್ಟೀರಿಯಾವನ್ನು ತಡೆಯುವುದೇ ಅದು. ಆರೋಗ್ಯಕ್ಕೆ ಒಳ್ಳೆಯದು ಅಂತ ಕಡಿಮೆ ಮಾಡಬೇಡಿ.

ಇವೆಲ್ಲ ಸರಿಯಿದ್ದೂ ಮೆತ್ತಗಾದರೆ ಕುದಿಸಿದ್ದು ಜಾಸ್ತಿಯಾಗಿರಬಹುದು. ಕೆಲವು ಸೌತೆಕಾಯಿ ರೆಸಿಪಿಗಳಿಗೆ 82ರಿಂದ 85 ಡಿಗ್ರಿ ನೀರಲ್ಲಿ 30 ನಿಮಿಷ ಇಡುವ ಪರೀಕ್ಷಿತ ವಿಧಾನ ಇದೆ. ರೆಸಿಪಿಯಲ್ಲೇ ಹಾಗೆ ಬರೆದಿದ್ದರೆ ಮಾತ್ರ ಮಾಡಿ, ಥರ್ಮಾಮೀಟರ್ ಇಲ್ಲದೆ ಮಾಡಬೇಡಿ.

ಗರಿಗರಿಗಾಗಿ ತಿನ್ನುವ ಸುಣ್ಣದ ನೀರಲ್ಲಿ ನೆನೆಸುವವರಿಗೆ ಒಂದು ಎಚ್ಚರಿಕೆ. ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ನೆನೆಸಿದ ಮೇಲೆ ಮೂರು ಸಲ, ಪ್ರತಿ ಸಲ ಹೊಸ ನೀರಲ್ಲಿ ಒಂದೊಂದು ಗಂಟೆ ಇಟ್ಟು ತೊಳೆಯಬೇಕು. ತೊಳೆದದ್ದು ಸಾಲದಿದ್ದರೆ ಗರಿಗರಿಯಾದ, ಆದರೆ ಅಪಾಯದ ಉಪ್ಪಿನಕಾಯಿ ಸಿಗುತ್ತದೆ.

ಕಾಯಿ ಸುಕ್ಕುಗಟ್ಟಿದ್ದರೆ ಉಪ್ಪು, ಸಕ್ಕರೆ ಅಥವಾ ವಿನೆಗರ್ ಒಮ್ಮೆಲೇ ಜಾಸ್ತಿಯಾಗಿದೆ. ತಿನ್ನಲು ಅಡ್ಡಿಯಿಲ್ಲ. ಲೋಳೆಯಾಗಿದ್ದರೆ ಮಾತ್ರ ಎಸೆಯಿರಿ.

ಬಣ್ಣ ಬದಲಾಗಿದೆ

ನೀಲಿ, ಹಸಿರು ಬೆಳ್ಳುಳ್ಳಿ: ಅದರೊಳಗಿನ ಗಂಧಕದ ಅಂಶಗಳು ಹುಳಿ ಸೇರಿದಾಗ ಮಾಡುವ ಬಣ್ಣ. ತಿನ್ನಬಹುದು. ಕಪ್ಪಾದ ಉಪ್ಪಿನಕಾಯಿ: ನೀರಲ್ಲಿ ಕಬ್ಬಿಣದ ಅಂಶ, ಕಬ್ಬಿಣದ ಪಾತ್ರೆ, ಅಯೋಡಿನ್ ಉಪ್ಪು ಅಥವಾ ಪುಡಿ ಮಸಾಲೆ. ಅನುಮಾನ ಪಡಬೇಕಾದದ್ದು ಒಂದೇ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಅಥವಾ ಸತು ಲೇಪದ ಪಾತ್ರೆಯಲ್ಲಿ ವಿನೆಗರ್ ಕಾಯಿಸಿದ್ದರೆ ಲೋಹ ಕರಗಿ ರಸಕ್ಕೆ ಸೇರಿರುತ್ತದೆ. ಅದನ್ನು ಚೆಲ್ಲಿ. ಸ್ಟೀಲ್ ಅಥವಾ ಗಾಜು ಬಳಸಿ.

ಜಾಮ್ ಗಟ್ಟಿಯಾಗಿಲ್ಲ

ಸ್ವಲ್ಪ ಕಾಯಿರಿ. ಕೆಲವು ಜಾಮ್ ಹದಕ್ಕೆ ಬರಲು ಎರಡು ವಾರ ತೆಗೆದುಕೊಳ್ಳುತ್ತವೆ. ಆಮೇಲೂ ನೀರಾಗಿಯೇ ಇದ್ದರೆ ಮೂರು ಪ್ರಶ್ನೆ ಕೇಳಿ. ಸಕ್ಕರೆ ಕಡಿಮೆ ಮಾಡಿದಿರಾ? ಪೂರ್ತಿ ಕಳಿತ ಹಣ್ಣನ್ನೇ ಹಾಕಿದಿರಾ? ಒಂದೇ ಸಲಕ್ಕೆ ಎರಡು ಪಟ್ಟು ಅಳತೆ ಮಾಡಿದಿರಾ? ಪೆಕ್ಟಿನ್ (ಜಾಮ್ ಗಟ್ಟಿಯಾಗಿಸುವ, ಹಣ್ಣಿನಲ್ಲಿರುವ ಅಂಶ), ಹುಳಿ, ಸಕ್ಕರೆ ಮೂರೂ ಸರಿ ಅಳತೆಯಲ್ಲಿ ಸೇರಿದರೆ ಮಾತ್ರ ಜಾಮ್ ಕಟ್ಟುತ್ತದೆ. ಹಣ್ಣು ಕಳಿಯುತ್ತಾ ಹೋದಂತೆ ಅದರ ಪೆಕ್ಟಿನ್ ಮತ್ತು ಹುಳಿ ಎರಡೂ ಇಳಿಯುತ್ತವೆ. ಎರಡು ಪಟ್ಟು ಮಾಡಿದರೆ ಕುದಿಯಲು ತಡವಾಗಿ ಪೆಕ್ಟಿನ್ ಹಾಳಾಗುತ್ತದೆ.

ಸರಿಪಡಿಸಲು ಸ್ವಲ್ಪ ಸ್ವಲ್ಪವೇ ಮತ್ತೆ ಕುದಿಸಿ. ನಿಮ್ಮಲ್ಲಿ ನೀರು ಕುದಿಯುವ ಉಷ್ಣತೆಗಿಂತ 4ರಿಂದ 5 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಹದ ಬಂದಿರುತ್ತದೆ. ಸಮುದ್ರ ಮಟ್ಟದಲ್ಲಿ ಅದು 104–105. ಪುಸ್ತಕದಲ್ಲಿ ಬರೀ 105 ಅಂತ ಬರೆದಿದ್ದರೆ, ಎತ್ತರದ ಊರಿನವರು ಅದನ್ನೇ ನಂಬಿ ಕುದಿಸುತ್ತಾ ಹೋಗಿ ಅಂಟಿನ ಉಂಡೆ ಮಾಡಿಕೊಳ್ಳುತ್ತಾರೆ. ದ್ರಾಕ್ಷಿ ಜಾಮ್‌ನಲ್ಲಿ ಹರಳು ಕಂಡರೆ ಅದು ಟಾರ್ಟಾರಿಕ್ ಆಮ್ಲ, ಗಾಜಿನ ಚೂರಲ್ಲ. ಮುಂದಿನ ಸಲ ರಸವನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಸೋಸಿ.

ಮುಚ್ಚಳ ಉಬ್ಬಿದೆ, ಜಾಡಿ ಸೋರುತ್ತಿದೆ, ತೆರೆದಾಗ ರಸ ಚಿಮ್ಮಿತು

ಇಲ್ಲಿಗೆ ನಿಲ್ಲಿಸಿ. ಮುಂದೆ ಯಾವ ಪರೀಕ್ಷೆಯೂ ಬೇಡ. ಮೂಸಬೇಡಿ, ರುಚಿ ನೋಡಬೇಡಿ, ಮಕ್ಕಳಿಗೂ ಸಾಕುಪ್ರಾಣಿಗೂ ಸಿಗದಂತೆ ಇಡಿ.

ಒಳಗೆ ಏನೋ ಬೆಳೆದು ಗಾಳಿ ಮಾಡಿದೆ ಎಂದರ್ಥ. ಅದು ಬೇರೆ ಬ್ಯಾಕ್ಟೀರಿಯಾ ಇರಬಹುದು, ಬಾಟ್ಯುಲಿಸಮ್ ಎಂಬ, ನರಗಳನ್ನು ಸೋಲಿಸುವ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಕೂಡ ಇರಬಹುದು. ಮನೆಯಲ್ಲಿ ಅದನ್ನು ಕಂಡುಹಿಡಿಯುವ ದಾರಿಯಿಲ್ಲ. ಸೀಲ್ ಇನ್ನೂ ಇದ್ದರೆ ಜಾಡಿಯನ್ನು ತೆರೆಯದೆ ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಸೋರಿದ್ದರೆ ಕೈಗವಸು ಹಾಕಿಕೊಳ್ಳಿ. ಜಾಡಿಯನ್ನು ಮುಚ್ಚಳ ಸಮೇತ ದೊಡ್ಡ ಪಾತ್ರೆಯ ನೀರಲ್ಲಿ ಪೂರ್ತಿ ಮುಳುಗಿಸಿ 30 ನಿಮಿಷ ಕುದಿಸಿ, ಆಮೇಲೆ ಎಸೆಯಿರಿ. ರಸ ಬಿದ್ದ ಕಟ್ಟೆಯ ಮೇಲೆ ಒಂದು ಪಾಲು ಬ್ಲೀಚ್‌ಗೆ ಐದು ಪಾಲು ನೀರು ಬೆರೆಸಿ ಹಾಕಿ, 30 ನಿಮಿಷ ಬಿಟ್ಟು ಒರೆಸಿ. ಕಿಟಕಿ ತೆರೆದಿರಲಿ. ಬ್ಲೀಚ್‌ಗೆ ವಿನೆಗರ್ ತಾಗಿಸಬೇಡಿ, ವಿಷಗಾಳಿ ಏಳುತ್ತದೆ.

ಯಾರಾದರೂ ತಿಂದಿದ್ದರೆ ಈ ಲಕ್ಷಣ ಗಮನಿಸಿ: ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಕೈಕಾಲು ಸೋಲುವುದು. ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಶುರುವಾಗುತ್ತದೆ, ಕೆಲವೊಮ್ಮೆ ಕೆಲವು ದಿನಗಳೇ ಆಗಬಹುದು. ಜ್ವರ ಇಲ್ಲ ಅಂತ ಸುಮ್ಮನಿರಬೇಡಿ, ಇದರಲ್ಲಿ ಜ್ವರ ಸಾಮಾನ್ಯವಾಗಿ ಬರುವುದಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಸೀಲ್ ಮಾಡಿದ ಆಹಾರ ತಿಂದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಇದಕ್ಕೆ ಪ್ರತಿವಿಷ ಇದೆ. ಆದರೆ ಅದು ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಿಹೋದದ್ದನ್ನು ಹಿಂದಕ್ಕೆ ತರುವುದಿಲ್ಲ.

ಜಾಡಿ ಚೆನ್ನಾಗಿಯೇ ಇದೆ, ರೆಸಿಪಿ ಮೇಲೆ ಅನುಮಾನ

ಕಷ್ಟದ ತಪಾಸಣೆ ಇದೇ. 2015ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ ಒಂದು ಸಾಮೂಹಿಕ ಊಟದ ನಂತರ 29 ಮಂದಿಗೆ ಬಾಟ್ಯುಲಿಸಮ್ ಆಯಿತು, ಒಬ್ಬರು ತೀರಿಕೊಂಡರು. ಕಾರಣ ಆಲೂಗಡ್ಡೆ ಸಲಾಡ್. ಅದಕ್ಕೆ ಹಾಕಿದ್ದ ಆಲೂಗಡ್ಡೆಯನ್ನು ಮನೆಯಲ್ಲಿ ಒತ್ತಡವಿಲ್ಲದೆ ಬರೀ ಕುದಿನೀರಲ್ಲಿ ಸೀಲ್ ಮಾಡಲಾಗಿತ್ತು. ಆ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯ ಕುದಿನೀರಿಗೆ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ ಜಾಡಿ ಅವುಗಳಿಗೆ ಹೇಳಿ ಮಾಡಿಸಿದ ಜಾಗ.

ತಡೆಯಲು ಇರುವ ದಾರಿ ಎರಡು. ಒಂದು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರುವಷ್ಟು ಹುಳಿ. ಇನ್ನೊಂದು, ಒತ್ತಡದಲ್ಲಿ ಸುಮಾರು 116 ಡಿಗ್ರಿಗೆ ಏರಿಸುವುದು. ನಿಮ್ಮ ಪುಸ್ತಕದ ರೆಸಿಪಿ ಈ ಎರಡರಲ್ಲಿ ಒಂದನ್ನಾದರೂ ಖಂಡಿತವಾಗಿ ಮಾಡುತ್ತಿದೆಯೇ?

ಮೊದಲು ಮುದ್ರಣದ ವರ್ಷ ನೋಡಿ. ಅಮೆರಿಕದ ಕೃಷಿ ಇಲಾಖೆಯ ‘ಕಂಪ್ಲೀಟ್ ಗೈಡ್ ಟು ಹೋಮ್ ಕ್ಯಾನಿಂಗ್’ 1988ರಲ್ಲಿ ಬಂತು, 2015ರಲ್ಲಿ ಪರಿಷ್ಕೃತವಾಯಿತು. ಉಚಿತವಾಗಿಯೇ ಸಿಗುತ್ತದೆ. ಬೇರೆ ಪುಸ್ತಕದ ರೆಸಿಪಿಯನ್ನು ಇದರ ಪಕ್ಕ ಇಟ್ಟು ಹೋಲಿಸುವುದು ಅತಿ ಅಗ್ಗದ ಪರೀಕ್ಷೆ. ಚಂದದ ಫೋಟೊ ಇರುವ ಹೊಸ ಪುಸ್ತಕ ಅಂದ ಮಾತ್ರಕ್ಕೆ ನಂಬಬೇಡಿ. ನನ್ನ ಪ್ರಕಾರ ಒಳ್ಳೆಯ ಕ್ಯಾನಿಂಗ್ ಪುಸ್ತಕ ಓದಲು ಸ್ವಲ್ಪ ಬೋರ್ ಹೊಡೆಸಬೇಕು. ಜಾಡಿಯ ಅಳತೆ, ಮೇಲೆ ಬಿಡುವ ಜಾಗ, ನಿಮಿಷ, ಊರಿನ ಎತ್ತರ, ಇವೆಲ್ಲ ಪ್ರತಿ ರೆಸಿಪಿಯಲ್ಲೂ ಇರಬೇಕು.

ಈ ಸಾಲುಗಳು ಕಂಡರೆ ಆ ಪುಸ್ತಕ ಮುಚ್ಚಿಡಿ: ಬಿಸಿಯಾಗಿ ಸುರಿದು ಜಾಡಿಯನ್ನು ತಲೆಕೆಳಗಾಗಿಸಿ. ಓವನ್‌ನಲ್ಲಿಟ್ಟು ಸೀಲ್ ಮಾಡಿ. ಜಾಮ್ ಮೇಲೆ ಮೇಣ ಸುರಿಯಿರಿ. ಕುಂಬಳಕಾಯಿಯನ್ನು ರುಬ್ಬಿ ಜಾಡಿಗೆ ತುಂಬಿ. ಕೊನೆಯದಕ್ಕೆ ಮನೆಯಲ್ಲಿ ಮಾಡುವ ಸುರಕ್ಷಿತ ವಿಧಾನವೇ ಇಲ್ಲ, ಯಾಕೆಂದರೆ ಗಟ್ಟಿ ಮುದ್ದೆಯ ನಡುವಿಗೆ ಬಿಸಿ ಸರಿಯಾಗಿ ತಲುಪುವುದಿಲ್ಲ.

ವಿನೆಗರ್ ರೆಸಿಪಿಯಲ್ಲಿ ಶೇ. 5 ಆಮ್ಲ ಅಂತ ಸ್ಪಷ್ಟವಾಗಿರಬೇಕು. ಬಾಟಲಿಯ ಮೇಲಿನ ಅಂಕಿಯನ್ನೂ ಓದಿ. ಹುಳಿ ಜಾಸ್ತಿ ಅನ್ನಿಸಿದರೆ ವಿನೆಗರ್ ಕಡಿಮೆ ಮಾಡಬೇಡಿ, ಸಕ್ಕರೆ ಸೇರಿಸಿ. ಒಣ ಮಸಾಲೆ ಬದಲಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಜಾಸ್ತಿ ಹಾಕಿದರೆ ಹುಳಿಯ ಲೆಕ್ಕ ತಪ್ಪುತ್ತದೆ. ಟೊಮೆಟೊ ಪಿಎಚ್ 4.6ರ ಆಸುಪಾಸಿನಲ್ಲೇ ಇರುವುದರಿಂದ ಒಂದು ಲೀಟರ್ ಜಾಡಿಗೆ 2 ಟೇಬಲ್ ಚಮಚ ಬಾಟಲಿ ನಿಂಬೆರಸ ಅಥವಾ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ ಬೇಕು. ಬಾಟಲಿಯದೇ ಯಾಕೆ ಅಂದರೆ ಅದರ ಹುಳಿ ಎಲ್ಲ ಸಲವೂ ಒಂದೇ, ಹಣ್ಣಿನದು ಏರುಪೇರು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ ಹೊರಗಿಡುವ ಪದಾರ್ಥವೇ ಅಲ್ಲ. ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ.

ಎತ್ತರದ ಮಾತೂ ಇದೆ. ಸುಮಾರು 300 ಮೀಟರ್ ಏರಿದರೆ ನೀರು ಒಂದು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಅದು 97ರ ಹತ್ತಿರ. ಆದ್ದರಿಂದ ಕುದಿಸುವ ಸಮಯ ಅಥವಾ ಒತ್ತಡ ಹೆಚ್ಚಬೇಕು. ಎಷ್ಟು ಅನ್ನುವುದಕ್ಕೆ ಪುಸ್ತಕದಲ್ಲಿ ಪಟ್ಟಿ ಇಲ್ಲದಿದ್ದರೆ ಆ ಪುಸ್ತಕ ಎತ್ತರದವರಿಗಲ್ಲ.

ಅನ್ನ, ಬೇಳೆ ಬೇಯಿಸುವ ಕುಕ್ಕರ್ ಪ್ರೆಶರ್ ಕ್ಯಾನರ್ ಅಲ್ಲ. ಸಣ್ಣ ಕುಕ್ಕರ್ ಬೇಗ ಬಿಸಿಯಾಗಿ ಬೇಗ ಆರುತ್ತದೆ. ಪುಸ್ತಕದ ನಿಮಿಷಗಳು ದೊಡ್ಡ ಕ್ಯಾನರ್ ಬಿಸಿಯಾಗುವ, ಆರುವ ಸಮಯವನ್ನೂ ಲೆಕ್ಕಕ್ಕೆ ಹಿಡಿದು ಮಾಡಿದವು. ಕ್ಯಾನರ್ ಇದ್ದರೂ ತೂಕ ಇಡುವ ಮೊದಲು 10 ನಿಮಿಷ ಹಬೆ ಹೋಗಲು ಬಿಡಬೇಕು. ಒಳಗೆ ಗಾಳಿ ಉಳಿದರೆ ಮುಳ್ಳು ಸರಿಯಾದ ಒತ್ತಡ ತೋರಿಸಿದರೂ ಉಷ್ಣತೆ ಅಷ್ಟಿರುವುದಿಲ್ಲ. ಮುಳ್ಳಿನ ಮಾಪಕವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ಪಿಎಚ್ ಮೀಟರ್ ಕೊಳ್ಳುವ ಯೋಚನೆ ಇದ್ದರೆ ಅದು ಕೊನೆಗೆ ಬರಲಿ. ಹುಳಿ ತುಂಡಿನ ಒಳಕ್ಕೆ ಇಳಿಯಲು ದಿನಗಳು ಬೇಕು. ರಸವನ್ನು ಮಾತ್ರ ಅಳೆದರೆ ತಪ್ಪು ಉತ್ತರ ಬರುತ್ತದೆ. ತುಂಡು, ರಸ ಎರಡನ್ನೂ ಸೇರಿಸಿ ರುಬ್ಬಿ ಅಳೆಯಬೇಕು, ಅದಕ್ಕೂ ಮುಂಚೆ ಮೀಟರನ್ನು ಪಿಎಚ್ 4 ಮತ್ತು 7ರ ದ್ರಾವಣದಲ್ಲಿ ಹೊಂದಿಸಿಕೊಳ್ಳಬೇಕು. ಬೀನ್ಸ್, ಆಲೂಗಡ್ಡೆ, ಮಾಂಸದ ಜಾಡಿಗೆ ಪಿಎಚ್ ನೋಡಿ ಪ್ರಯೋಜನವಿಲ್ಲ, ಅವುಗಳಲ್ಲಿ ಹುಳಿಯೇ ಇಲ್ಲ.

ರೆಸಿಪಿ ತಪ್ಪು ಅಂತ ಈಗ ಗೊತ್ತಾಯಿತು, ಜಾಡಿಗಳು ಕಪಾಟಿನಲ್ಲಿವೆ. ಏನು ಮಾಡುವುದು? ಮಾಡಿ 24 ಗಂಟೆ ಆಗಿಲ್ಲದಿದ್ದರೆ ಫ್ರಿಜ್‌ಗೆ ಅಥವಾ ಫ್ರೀಜರ್‌ಗೆ ಸೇರಿಸಿ. ಫ್ರೀಜರ್‌ಗೆ ಆದರೆ ಮೇಲೆ ಸುಮಾರು 4 ಸೆಂಟಿಮೀಟರ್ ಜಾಗ ಖಾಲಿ ಬಿಡಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಅದಕ್ಕಿಂತ ಹಳೆಯ, ಹುಳಿಯಿಲ್ಲದ ಪದಾರ್ಥದ ಜಾಡಿಗಳಾದರೆ ಒಂದನ್ನೂ ತೆರೆಯಬೇಡಿ. ಉಬ್ಬಿದ ಜಾಡಿಗೆ ಹೇಳಿದಂತೆಯೇ ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ.